ಬಿರುಕು ಬಿಟ್ಟ ಬೋಗುಣಿಗೆ ಎಪಾಕ್ಸಿ ಸುರಿಯುವ ಮುನ್ನ

ಮರವನ್ನು ತಿರುಗಿಸಿ ಕಡೆಯುವ ಯಂತ್ರ ಲೇತ್. ಅದರ ಮೇಲೆ ಕಡೆಯುತ್ತಿದ್ದ ಮರದ ಬೋಗುಣಿಯಲ್ಲಿ ಬಿರುಕು ಕಂಡರೆ ಸಾಕು, ಕೈ ತಾನಾಗಿ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದ ಡಬ್ಬಿಯ ಕಡೆ ಹೋಗುತ್ತದೆ. ನೀಲಿ ಬಣ್ಣ ಕಲಸು, ಸುರಿ, ಗಟ್ಟಿಯಾದ ಮೇಲೆ ಮತ್ತೆ ಲೇತ್‌ಗೆ ಏರಿಸು, ಹೊಳಪು ಕೊಡು. ನನಗಿದು ಹಿಡಿಸುವುದಿಲ್ಲ. ಅಂದಗೇಡು ಅಂತೇನಲ್ಲ, ಕೆಲವಂತೂ ನಿಜಕ್ಕೂ ಸೊಗಸಾಗಿರುತ್ತವೆ. ಕೆಟ್ಟುಹೋದದ್ದನ್ನು ಉಳಿಸಿಕೊಳ್ಳಬೇಕಾದರೆ ಅದಕ್ಕೆ ಏನಾದರೂ ಸೇರಿಸಲೇಬೇಕು ಎಂಬ ನಂಬಿಕೆ ಇದೆಯಲ್ಲ, ನನ್ನ ತಕರಾರು ಅದರ ಮೇಲೆ. ಬಹುಪಾಲು ಸಲ ಬೇಕಾಗುವುದು ಇನ್ನಷ್ಟು ಕಡಿಯುವ ಧೈರ್ಯ. ದೊಡ್ಡದಾಗಿ ಹೊರಟಿದ್ದನ್ನು ಸಣ್ಣದು ಮಾಡಿಕೊಳ್ಳುವುದು.

ಈ ರಾಳದ ಹುಚ್ಚಿಗೆ ಎಲ್ಲರೂ ಕೊಡುವ ಸಮರ್ಥನೆ ಕಿಂಟ್ಸುಗಿ. ಜಪಾನಿನಲ್ಲಿ ಒಡೆದ ಪಿಂಗಾಣಿಯನ್ನು ಉರುಶಿ ಎಂಬ ಮರದ ರಸದಿಂದ ಅಂಟಿಸಿ, ಆ ಗೆರೆಯ ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ, ಗಾಯವೇ ಅಲಂಕಾರ ಆಗುತ್ತದೆ ಅಂತ. ಸರಿ. ಆದರೆ ಪಿಂಗಾಣಿ ಒಮ್ಮೆ ಬೆಂದ ಮೇಲೆ ಅಲುಗುವುದಿಲ್ಲ. ಮರ ಹಾಗಲ್ಲ, ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೂ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ: ವರ್ಷದ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡು ಪಟ್ಟು. ಹಸಿ ಮರದ ಬೋಗುಣಿ ಒಣಗುತ್ತಾ ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುವುದು ಇದರಿಂದಲೇ, ತಿರುಳು ಒಳಗೇ ಉಳಿದ ತುಂಡು ಸೀಳುವುದೂ ಇದರಿಂದಲೇ. ಗಟ್ಟಿಯಾದ ಎಪಾಕ್ಸಿಗೆ ಈ ಉಸಿರಾಟ ಇಲ್ಲ. ಪೂರ್ತಿ ಒಣಗದ ಮರದಲ್ಲಿ ಬಿರುಕು ತುಂಬಿಸಿದರೆ ಕೆಲ ತಿಂಗಳಲ್ಲಿ ಅದರ ಪಕ್ಕದಲ್ಲೇ ಹೊಸ ಬಿರುಕು ಬಾಯಿಬಿಡುತ್ತದೆ. ಆದ್ದರಿಂದ ಬಿರುಕು ಬಿಟ್ಟ ಹಸಿ ತುಂಡಿಗೆ ಮೊದಲ ಔಷಧ ಕಾಯುವುದು. ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲಷ್ಟೇ ಮುಂದಿನ ಯೋಚನೆ.

ಅಷ್ಟರಲ್ಲಿ ಮಾಡಬಹುದಾದದ್ದು, ಮುರಿದದ್ದು ಎಲ್ಲಿ ಅಂತ ಸರಿಯಾಗಿ ನೋಡುವುದು. ಮರದ ಎಳೆಯ, ಅಂದರೆ ನಾರಿನ, ಉದ್ದಕ್ಕೆ ಸೀಳಿದೆಯೋ, ಎಳೆಗೆ ಅಡ್ಡವಾಗಿ ತುಂಡಾಗಿದೆಯೋ? ಉದ್ದಕ್ಕೆ ಸೀಳಿದ್ದನ್ನು, ಚೂರು ಕಳೆದುಹೋಗಿಲ್ಲದಿದ್ದರೆ, ಸಾಮಾನ್ಯ ಮರದ ಅಂಟು ಹಚ್ಚಿ ಬಿಗಿದರೆ ಮರದಷ್ಟೇ ಗಟ್ಟಿಯಾಗಿ ಕೂಡುತ್ತದೆ. ಅಡ್ಡಕ್ಕೆ ಮುರಿದದ್ದು ಯಾವ ಅಂಟಿಗೂ ಸರಿಯಾಗಿ ಬಗ್ಗುವುದಿಲ್ಲ, ಕತ್ತರಿಸಿದ ಎಳೆಗಳ ತುದಿ ಅಂಟನ್ನು ಕುಡಿದುಬಿಡುತ್ತದೆ, ಹಿಡಿತ ಸಿಗುವುದಿಲ್ಲ. ಮೇಣವೋ ಎಣ್ಣೆಯೋ ಹಚ್ಚಿಯಾಗಿದ್ದರೆ ಅದನ್ನು ಕೆರೆದು ತೆಗೆಯುವ ತನಕ ಅಂಟಿನ ಮಾತೇ ಬೇಡ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಬೋಗುಣಿಯ ತಳ. ಚಕ್ (ಮರವನ್ನು ಲೇತ್‌ಗೆ ಕಚ್ಚಿ ಹಿಡಿಯುವ ದವಡೆ) ಹಿಡಿಯಲು ಕೆಳಗೆ ಕೊರೆದ ಗುಳಿಯ ಆಳ ಮರೆತು ಒಳಗಿನಿಂದ ಇನ್ನೊಂದು ಸಲ ಉಳಿ ಎಳೆದರೆ ಬೆಳಕು ಕಾಣುತ್ತದೆ. ಇದು ಬೋಗುಣಿಯ ಸಾವು ಅಲ್ಲವೇ ಅಲ್ಲ. ತೂತನ್ನು ಶುದ್ಧ ವೃತ್ತವಾಗಿ ಅಗಲಿಸಿ, ಒಂದು ಸಣ್ಣ ಮೆಟ್ಟಿಲು ಕೊರೆದು, ಬೇರೆ ಬಣ್ಣದ ಮರದ ಬಿಲ್ಲೆ ಕೂರಿಸಿದರೆ ಮೊದಲೇ ಹಾಗೆ ಯೋಚಿಸಿದ್ದಂತೆ ಕಾಣುತ್ತದೆ. (ಹೌದು, ಇದು ಸೇರಿಸುವ ಕೆಲಸವೇ. ಆದರೆ ಸೇರುವುದು ಮರ, ಬೋಗುಣಿಯ ಜೊತೆ ಕುಗ್ಗುವ ಹಿಗ್ಗುವ ಮರ.) ಬಿಲ್ಲೆಯ ಎಳೆ ಬೋಗುಣಿಯ ಎಳೆಯ ದಿಕ್ಕಿಗೇ ಇರಲಿ. ಅಡ್ಡಡ್ಡ ಕೂರಿಸಿದರೆ ಒಂದು ಒಂದು ಕಡೆ ಎಳೆಯುತ್ತದೆ, ಇನ್ನೊಂದು ಇನ್ನೊಂದು ಕಡೆ, ಅಂಟು ಸೋಲುತ್ತದೆ.

ಬಿಲ್ಲೆಯೂ ಬೇಡ ಅನ್ನುವವರು ತಳವನ್ನು ಪೂರ್ತಿ ಕಿತ್ತು ಹಾಕಿ. ಉಳಿಯುವ ಬಳೆಯಾಕಾರ ಗಡಿಯಾರಕ್ಕೋ ಕನ್ನಡಿಗೋ ಚೌಕಟ್ಟಾಗುತ್ತದೆ. ಕನ್ನಡಿಯನ್ನು ಬಿಗಿಯಾಗಿ ತುರುಕಬೇಡಿ, ಸುತ್ತ ಒಂದಿಷ್ಟು ಸಡಿಲ ಇರಲಿ. ಮರ ಕುಗ್ಗಿದರೆ ಮೊದಲು ಒಡೆಯುವುದು ಗಾಜು. ಇದೇ ಉಂಗುರವನ್ನು ಕೈಬಳೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಹಲಗೆಯಿಂದ ಕಡೆದ ಬೋಗುಣಿಯಲ್ಲಿ ಎಳೆಗಳು ಅಡ್ಡ ಮಲಗಿರುತ್ತವೆ, ಉಂಗುರ ಕತ್ತರಿಸಿದಾಗ ಎದುರುಬದುರಾಗಿ ಎರಡು ಕಡೆ ಎಳೆ ತೀರಾ ಗಿಡ್ಡ. ಒಂದು ತಿರುಚಿಗೆ ಅಲ್ಲಿಯೇ ಲಟಕ್ ಅನ್ನುತ್ತದೆ. ಚೌಕಟ್ಟಾದರೆ ಹಿಂದೆ ಗೋಡೆಯ ಆಸರೆ ಇದೆ, ಕೈಯಲ್ಲಿ ಯಾವ ಆಸರೆ?

ಅಂಚು ಹಾರಿಹೋದರೆ ಇನ್ನೂ ಸುಲಭ, ಎತ್ತರ ಇಳಿಸಿ. ಬೋಗುಣಿ ತಟ್ಟೆಯಾಗುತ್ತದೆ. ಇಲ್ಲಿ ಹೆಚ್ಚಿನವರು ಅಂಚನ್ನಷ್ಟೇ ಕತ್ತರಿಸಿ ನಿಲ್ಲಿಸಿಬಿಡುತ್ತಾರೆ, ಅದು ತಲೆ ಕಳೆದುಕೊಂಡ ಬೋಗುಣಿಯ ಹಾಗೇ ಕಾಣುತ್ತದೆ. ಎತ್ತರ ಇಳಿದ ಮೇಲೆ ಹೊರಗಿನ ಬಾಗು, ಪೀಠದ ಅಗಲ ಎಲ್ಲವನ್ನೂ ಮತ್ತೆ ತಿದ್ದಬೇಕು, ಆಗಲೇ ಅದು ತಟ್ಟೆ. ಬೋಗುಣಿಯ ಗೋಡೆ ಈಗಾಗಲೇ ತೆಳುವಾಗಿ, ಒಣಗಿ ಮೊಟ್ಟೆಯಾಕಾರ ಆಗಿದ್ದರೆ ಲೇತ್ ಮೇಲೆ ಅಂಚು ಮುಟ್ಟಲೇಬೇಡಿ. ಉಳಿ ಒಂದು ಕಡೆ ತಾಗುತ್ತದೆ, ಇನ್ನೊಂದು ಕಡೆ ಗಾಳಿಯಲ್ಲಿ ಹೋಗುತ್ತದೆ. ಕೈಗರಗಸ, ಅರ, ಮರಳು ಕಾಗದ, ನಿಧಾನ. ಹಾರಿದ್ದು ಒಂದೇ ಕಡೆ ಸಣ್ಣ ಚೂರಾದರೆ, ಆ ಕಚ್ಚನ್ನೇ ಕೊಕ್ಕೆಯ ಆಕಾರಕ್ಕೆ ತಿದ್ದಿ, ನೂಲು ಸಿಕ್ಕದ ಹಾಗೆ ನುಣ್ಣಗೆ ಮಾಡಿದರೆ ಹೆಣಿಗೆಯವರಿಗೆ ಉಲ್ಲನ್ ಉಂಡೆ ಇಡುವ ಬೋಗುಣಿ ಸಿದ್ಧ. ಕೈಯಲ್ಲಿ ಸೂಜಿ ಹಿಡಿದವರು ಬಿರುಕನ್ನು ಹೊಲಿಯಲೂಬಹುದು. ಆಫ್ರಿಕಾದ ಹಲವೆಡೆ ಒಡೆದ ಸೋರೆಬುರುಡೆಯನ್ನು ಎರಡೂ ಬದಿ ತೂತು ಕೊರೆದು ದಾರದಿಂದ ಹೊಲಿಯುತ್ತಾರೆ. ಆ ಹೊಲಿಗೆ ಮರದ ಜೊತೆ ತಾನೂ ಅಲುಗುತ್ತದೆ, ರಾಳಕ್ಕಿಂತ ಬುದ್ಧಿವಂತ ಉಪಾಯ. ಅಮೆರಿಕದ ಮರಗೆಲಸಗಾರ ಜಾರ್ಜ್ ನಕಾಶಿಮಾ ತನ್ನ ಮೇಜುಗಳ ಸೀಳಿಗೆ ಅಡ್ಡ ಕೂರಿಸುತ್ತಿದ್ದ ಚಿಟ್ಟೆಯಾಕಾರದ ಮರದ ಬೀಗವೂ ಒಳ್ಳೆಯದೇ, ಆದರೆ ಅದು ಚಪ್ಪಟೆ ಹಲಗೆಗೆ ಒಪ್ಪುವಷ್ಟು ಬಾಗಿದ ತೆಳು ಗೋಡೆಗೆ ಒಪ್ಪುವುದಿಲ್ಲ.

ಉದ್ದನೆಯ ಕೆಲಸಗಳ ಕಥೆ ಬೇರೆ. ಮೇಜಿನ ಕಾಲು, ಕಂಬಿ, ಗೋಬ್ಲೆಟ್‌ನ (ಕಾಲುಳ್ಳ ಲೋಟದ) ಕಡ್ಡಿ ಇವೆಲ್ಲ ಮುರಿಯುವುದು ಅಡ್ಡಕ್ಕೆ, ಅಂದರೆ ಅಂಟಿನ ಆಸೆ ಬಿಟ್ಟುಬಿಡಿ. ಆದರೆ ಮುರಿದ ಜಾಗದ ಎರಡೂ ಬದಿ ಮರ ಸಾಮಾನ್ಯವಾಗಿ ಗಟ್ಟಿಯಾಗೇ ಇರುತ್ತದೆ, ಎಳೆಯೂ ಉದ್ದಕ್ಕೆ ಓಡುತ್ತಿರುತ್ತದೆ. ಅದಕ್ಕಿಂತ ಒಳ್ಳೆಯ ಹಿಡಿಕೆ ಎಲ್ಲಿ ಸಿಗುತ್ತದೆ? ಅರಕ್ಕೆ, ಉಳಿಗೆ, ದಬ್ಬಳಕ್ಕೆ ಹಿಡಿಕೆ ಮಾಡಿ, ಬಾಯಿಗೆ ತಾಮ್ರದ ಕೊಳವೆಯ ತುಂಡಿನ ಬಳೆ ತೊಡಿಸಿ. ಇನ್ನೂ ಗಿಡ್ಡ ತುಂಡು ಡ್ರಾಯರ್ ಗುಬುಟು, ಅದಕ್ಕೂ ಗಿಡ್ಡದ್ದು ಬುಗುರಿ. ಗೋಬ್ಲೆಟ್‌ನ ಪೀಠ ಯಾವುದೋ ಡಬ್ಬಿಯ ಮುಚ್ಚಳವಾದೀತು. ಮುಚ್ಚಳ ಸಡಿಲವಾದ ಡಬ್ಬಿ ಅಂತೂ ಪ್ರತಿ ಕಪಾಟಿನಲ್ಲಿ ಒಂದಾದರೂ ಇದ್ದೇ ಇರುತ್ತದೆ.

ಈಗ ಗಟ್ಟಿ ದನಿಯಲ್ಲಿ ಹೇಳಬೇಕಾದ ಮಾತು. ಬಿರುಕು ಬಿಟ್ಟದ್ದನ್ನು ಮತ್ತೆ ಲೇತ್‌ಗೆ ಏರಿಸುವಾಗ ಲೆಕ್ಕ ಹಾಕಿ. 10 ಇಂಚು ಅಗಲದ ಬೋಗುಣಿ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚು ಓಡುವುದು ಗಂಟೆಗೆ ಸುಮಾರು 48 ಕಿಲೋಮೀಟರ್ ವೇಗದಲ್ಲಿ. ಸುತ್ತು ಎರಡು ಪಟ್ಟಾದರೆ ಹೊರಗೆ ಎಳೆಯುವ ಬಲ ನಾಲ್ಕು ಪಟ್ಟು. ಬಿರುಕಿನೊಳಗೆ ಇಳಿಸಿದ ನಾಲ್ಕು ಹನಿ ಸೂಪರ್ ಗ್ಲೂ ಆ ಬಲಕ್ಕೆ ಉತ್ತರವಲ್ಲ. ಅದು ಪುಡಿ ಉದುರದಂತೆ ಹಿಡಿಯುತ್ತದೆ, ಅಷ್ಟೇ. ಎಳೆಯ ತುದಿಗಳಲ್ಲಿ ಹೋಗದ ಕಲೆಯನ್ನೂ ಬಿಡುತ್ತದೆ, ಮೊದಲೇ ಶೆಲ್ಯಾಕ್ (ಅರಗಿನ ಪಾಲಿಶ್) ಹಚ್ಚಿರದಿದ್ದರೆ. ಹೊರಗಿನಿಂದ ಟೇಪು ಸುತ್ತಿ, ವೇಗ ತಗ್ಗಿಸಿ, ಮುಖ ಪೂರ್ತಿ ಮುಚ್ಚುವ ಗಟ್ಟಿ ಪಾರದರ್ಶಕ ಕವಚ ಹಾಕಿ, ಚೂರು ಹಾರಬಹುದಾದ ನೇರಕ್ಕೆ ನಿಲ್ಲಬೇಡಿ.

ಇನ್ನು ಬಿರುಕು ಚಕ್ ಹಿಡಿಯುವ ಜಾಗಕ್ಕೇ ತಲುಪಿದ್ದರೆ, ಮರ ಹುಳು ತಿಂದು ಮೆತ್ತಗಾಗಿದ್ದರೆ, ಅದನ್ನು ತಿರುಗಿಸುವುದು ನಿಲ್ಲಿಸಿ. ಎಷ್ಟು ಒಳ್ಳೆಯ ಮರವಾಗಿದ್ದರೂ ಸರಿ. ಕೈಗರಗಸದಲ್ಲಿ ಗಟ್ಟಿ ಭಾಗವನ್ನು ಬಿಲ್ಲೆಗಳಾಗಿ ಸೀಳಿಟ್ಟರೆ ಮುಂದಿನ ಬೋಗುಣಿಯ ತಳ ತೂತಾದಾಗ ಕೂರಿಸಲು ಬರುತ್ತದೆ. ಮಿಕ್ಕ ಚೂರುಗಳ ಮೇಲೆ ಹೊಸ ಎಣ್ಣೆ, ಹೊಸ ಪಾಲಿಶ್ ಹಚ್ಚಿ ನೋಡಿ. ಹಚ್ಚಿದ್ದು ಏನು, ಎಷ್ಟು ಕೈ, ಯಾವ ತಾರೀಖು ಅಂತ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ.