ನೋಡೋಕೆ ಚೆನ್ನಾಗಿದ್ದೀನಿ, ಅದೇ ತೊಂದರೆ

ಭಾನುವಾರ ಬಸವನಗುಡಿಯ ಒಂದು ಛತ್ರದಲ್ಲಿ ಮದುವೆ. ಊಟದ ಹಾಲ್ ಎರಡನೇ ಮಹಡಿಯಲ್ಲಿ. ಲಿಫ್ಟ್ ಇತ್ತು. ಅದರೊಳಗೆ ಅನ್ನದ ಪಾತ್ರೆ, ಹುಳಿಯ ಬಕೆಟ್ಟು, ಬಾಳೆಎಲೆ ಕಟ್ಟು. "ಇದೊಂದು ಟ್ರಿಪ್ ಹೋಗಿಬಿಡ್ಲಿ ಅಮ್ಮ" ಅಂದರು ಅಡುಗೆಯವರು. ಅವರ ತಪ್ಪೇನಿಲ್ಲ. ಮೊದಲನೇ ಪಂಕ್ತಿಗೆ ಅನ್ನ ಹೋಗಲೇಬೇಕು, ನಾನು ಹೋಗದಿದ್ದರೂ ನಡೆಯುತ್ತೆ. ನನಗೆ ರೇಗಿದ್ದು ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪನ ಮಗನ ಮೇಲೆ. "ಏನೇ, ಎರಡು ಮಹಡಿ ಹತ್ತೋಕಾಗಲ್ವಾ? ಆಪರೇಷನ್ ಸಕ್ಸಸ್ ಅಂದ್ರಲ್ಲ! ನೋಡೋಕೆ ಮುಂಚೆಗಿಂತ ಚೆನ್ನಾಗಿದ್ದೀಯ."

ಚೆನ್ನಾಗಿದ್ದೀನಂತೆ. 9 ಕೆಜಿ ಇಳಿದಿದ್ದೀನಿ ಕಣಣ್ಣ, ಅದು ಜಿಮ್‌ಗೆ ಹೋಗಿ ಇಳಿದಿದ್ದಲ್ಲ.

ನನಗೆ ಶ್ವಾಸಕೋಶದ ಕ್ಯಾನ್ಸರ್ ಆಗಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ, ಪೂರ್ತಿ ಕಥೆ ಮತ್ತೆ ಹೇಳಲ್ಲ. ಬಲಗಡೆ ಶ್ವಾಸಕೋಶದಲ್ಲಿ 3 ಭಾಗ, ಎಡಗಡೆ 2. ನನ್ನ ಬಲಗಡೆಯ ಮೇಲಿನ ಭಾಗವನ್ನು 14 ತಿಂಗಳ ಹಿಂದೆ ತೆಗೆದರು. ಉಳಿದದ್ದು ಸ್ವಲ್ಪ ಹಿಗ್ಗಿ ಆ ಜಾಗ ತುಂಬಿಕೊಳ್ಳುತ್ತೆ. ಬಾಡಿಗೆಯವರು ಖಾಲಿ ಮಾಡಿದ ರೂಮಿಗೆ ಪಕ್ಕದವರು ಸಾಮಾನು ತಂದಿಟ್ಟ ಹಾಗೆ. ಹೊಸ ರೂಮೇನೂ ಎದ್ದಿಲ್ಲ. ಗಡ್ಡೆ ಪೂರ್ತಿ ಬಂತು, ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿರಲಿಲ್ಲ. ಹಾಗಾಗಿ ಸಕ್ಸಸ್. ಇಲ್ಲ ಅನ್ನಲ್ಲ. ಆದರೆ ಆ ಮಾತು ಹೇಳಿದ ಮೇಲೆ ಎಲ್ಲರೂ ಪುಸ್ತಕ ಮುಚ್ಚಿಬಿಡುತ್ತಾರೆ. ಆಮೇಲೆ ಹೇಗೆ ಬದುಕ್ತಿದ್ದೀಯ ಅಂತ ಕೇಳೋರು ಯಾರೂ ಇಲ್ಲ.

ಹೇಗೆ ಅಂತ ಕೇಳಿ. ಮದುವೆಗೆ ಅಂತ ರೇಷ್ಮೆ ಸೀರೆ ಉಟ್ಟಿದ್ದೆ. ರವಿಕೆಯ ಕೆಳಗಿನ ಹೊಲಿಗೆ ಸರಿಯಾಗಿ ಗಾಯದ ದಾರಿಯಲ್ಲೇ ಕೂರುತ್ತೆ. ಪ್ರತಿ ಪಕ್ಕೆಲುಬಿನ ಅಡಿಗೂ ಒಂದು ನರ ಓಡುತ್ತದೆ. ಎರಡು ಪಕ್ಕೆಲುಬಿನ ಮಧ್ಯೆ ಅಗಲಿಸಿ ಒಳಗೆ ಹೋಗುವಾಗ ಆ ನರ ನಲುಗುತ್ತದೆ. ಕೊಯ್ದಿದ್ದು ಬೆನ್ನಿನ ಕಡೆ, ಜೋಮು ಹಿಡಿದಿರೋದು ಮುಂದೆ, ಎದೆಯ ಕೆಳಗೆ. ಮುಟ್ಟಿದರೆ ಗೊತ್ತಾಗಲ್ಲ, ಬಟ್ಟೆ ಸವರಿದರೆ ಮಾತ್ರ ಉರಿ. ಇದು ಯಾವ ನ್ಯಾಯ ಅಂತ ಡಾಕ್ಟರನ್ನೇ ಕೇಳಿದ್ದೆ. "ಕೆಲವರಿಗೆ ತಿಂಗಳುಗಟ್ಟಲೆ ಇರುತ್ತೆ, ಕೆಲವರಿಗೆ ವರ್ಷಗಟ್ಟಲೆ" ಅಂದರು.

ಮೊದಲ ಎರಡು ತಿಂಗಳು ಆಟೋ ಹತ್ತಿದರೆ ತೊಡೆ ಮೇಲೆ ದಿಂಬು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿಕೊಂಡು ಕೆಮ್ಮಬೇಕು ಅಂತ ಫಿಸಿಯೋ ಹುಡುಗಿ ಹೇಳಿಕೊಟ್ಟಿದ್ದಳು. ನಮ್ಮ ಊರಲ್ಲಿ ಕೆಮ್ಮಿಗಿಂತ ರಸ್ತೆಯ ಹಂಪುಗಳಿಗೇ ಜಾಸ್ತಿ ಬಳಕೆಯಾಯಿತು. ತ್ಯಾಗರಾಜನಗರದಿಂದ ಜಯನಗರಕ್ಕೆ ಹೋಗುವಷ್ಟರಲ್ಲಿ ಎಷ್ಟು ಹಂಪುಗಳಿವೆ ಅಂತ ಬಿಬಿಎಂಪಿಗೆ ಗೊತ್ತಿತ್ತೋ ಇಲ್ಲವೋ, ನನ್ನ ಪಕ್ಕೆಗೆ ಗೊತ್ತು.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಕ್ಲಾಸು. ಕನ್ನಡ ಟೀಚರ್ ನಾನು. ಷಟ್ಪದಿಯನ್ನು ಬರೀ ಓದಿ ಅರ್ಥ ಹೇಳಿದವಳಲ್ಲ, ಹಾಡಿ ಹೇಳಿದವಳು. ಭಾಮಿನಿಯಲ್ಲಿ ಮೊದಲ ಎರಡು ಸಾಲು 14-14 ಮಾತ್ರೆ, ಮೂರನೆಯದು 23. (ಗುಳಿಗೆ ಅಲ್ಲ. ಗುಳಿಗೆಯ ಲೆಕ್ಕವೂ ಒಂದು ಕಾಲಕ್ಕೆ ಹೆಚ್ಚುಕಡಿಮೆ ಅಷ್ಟೇ ಇತ್ತು.) ಮುಂಚೆ ಒಂದೇ ಉಸಿರಿಗೆ ಮೂರೂ ಸಾಲು ಎಳೆಯುತ್ತಿದ್ದೆ. ಜಂಬ ಅಂದುಕೊಳ್ಳಿ. ಈಗ ಎರಡನೇ ಸಾಲಿನ ಕೊನೆಯಲ್ಲಿ ಒಂದು ಸಲ ನಿಲ್ಲಬೇಕು, ಮೂರನೇ ಸಾಲಿನ ನಡುವೆ ಇನ್ನೊಂದು ಸಲ. ಸ್ಕೂಲಿಗೆ ಮರಳಿದ ವಾರ ಹಾಗೇ ಪದದ ಮಧ್ಯೆ ನಿಂತೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಜನ್ಮದಲ್ಲಿ ಒಂದು ಪದ್ಯ ಬಾಯಿಪಾಠ ಮಾಡದವನು, ಮುಂದಿನ ಪದ ಎತ್ತಿಕೊಟ್ಟ. ನಾನು ಮರೆತೆ ಅಂದುಕೊಂಡಿದ್ದ ಪಾಪ. "ಥ್ಯಾಂಕ್ಸ್ ಕಣೋ" ಅಂದು ಮುಂದುವರಿದೆ. ಸ್ಟಾಫ್ ರೂಮಿಗೆ ಬಂದು ಅತ್ತೆ. ಇದನ್ನು ಇಲ್ಲಿವರೆಗೆ ಮನೆಯವರಿಗೂ ಹೇಳಿಲ್ಲ, ಇಲ್ಲೇ ಓದಿಕೊಳ್ಳಲಿ.

ತಮಾಷೆ ಏನು ಗೊತ್ತಾ? ನಮ್ಮವರು ಕೇಳದ್ದನ್ನೆಲ್ಲ ಒಂದು ಕಾಗದ ಕೇಳುತ್ತೆ. ಕ್ಯಾನ್ಸರ್ ಆದವರ ಬದುಕು ಹೇಗಿದೆ ಅಂತ ಅಳೆಯೋಕೆ ಯುರೋಪಿನವರು ಒಂದು ಪ್ರಶ್ನಾವಳಿ ಮಾಡಿದ್ದಾರೆ. 30 ಪ್ರಶ್ನೆ, ಶ್ವಾಸಕೋಶದವರಿಗೆ ಅಂತಲೇ ಜೊತೆಗೆ ಇನ್ನೊಂದು 13. ಭಾರದ ಚೀಲ ಹೊರೋಕೆ ಕಷ್ಟವಾ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಾ, ಕಾಯಿಲೆಯಿಂದ ದುಡ್ಡಿಗೆ ತೊಂದರೆ ಆಯ್ತಾ, ಎಲ್ಲ ಇದೆ. ಅದನ್ನು ಓದುವಾಗ ಗಾಂಧಿ ಬಜಾರಿನಿಂದ ತರಕಾರಿ ಚೀಲ ಹೊತ್ತು ನಡೆದು ಬರುತ್ತಿದ್ದ ನಾನೇ ಕಣ್ಣ ಮುಂದೆ ಬಂದೆ. ಎಲ್ಲೋ ಕೂತ ಯಾರಿಗೋ ಮೆಟ್ಟಿಲಿನ ವಿಷಯ ಹೊಳೆದಿದೆ, ಒಡಹುಟ್ಟಿದವನಂಥವನಿಗೆ ಹೊಳೆಯಲಿಲ್ಲ. ನನ್ನ ಡಿಸ್ಚಾರ್ಜ್ ಹಾಳೆಯಲ್ಲೂ ಅಷ್ಟೇ. ಬಿಲ್ಲಿನಲ್ಲಿ ಹತ್ತಿಗೂ ಲೆಕ್ಕ ಇತ್ತು, ಉಸಿರಾಟದ ವ್ಯಾಯಾಮ ಎಷ್ಟು ವಾರ, ನಡಿಗೆ ಹೇಗೆ ಹೆಚ್ಚಿಸಬೇಕು ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ. ಕೈಗೆ ಸಿಕ್ಕಿದ್ದು ಉಸಿರಾಟದ ವ್ಯಾಯಾಮಕ್ಕೆ ಅಂತ ಕೊಡುವ ಮೂರು ಚೆಂಡಿನ ಆ ಪ್ಲಾಸ್ಟಿಕ್ ಡಬ್ಬಿ. ಅದನ್ನು ಎಲ್ಲರೂ ಮೊದಲು ಊದುತ್ತಾರೆ, ನಾನೂ ಊದಿದೆ. ಊದೋದಲ್ಲ, ಎಳೆಯೋದು. ಸೆಕೆಂಡಿಗೆ 600 ಎಂಎಲ್ ಗಾಳಿ ಎಳೆದರೆ ಮೊದಲನೇ ಚೆಂಡು ಏಳುತ್ತೆ, 900ಕ್ಕೆ ಎರಡನೆಯದು, 1200ಕ್ಕೆ ಮೂರನೆಯದು. ಮೂರನೆಯದು ನನಗೆ ಇವತ್ತಿಗೂ ಕುಣಿದು ತೋರಿಸಿ ಕೆಳಗೆ ಬೀಳುತ್ತೆ.

"ಬದುಕಿದ್ದೀಯಲ್ಲ, ಅದೇ ದೊಡ್ಡದು" ಅಂತ ಕಾಮೆಂಟ್ ಹಾಕೋಕೆ ಹೊರಟವರು ಸ್ವಲ್ಪ ತಾಳಿ. ನನಗೂ ಗೊತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಗೊತ್ತಾಗೋದೇ ಕೈಮೀರಿದ ಮೇಲೆ. ಆಪರೇಷನ್ ಮಾಡಬಹುದು ಅನ್ನಿಸಿಕೊಳ್ಳೋದೇ ಒಂದು ಲಾಟರಿ. ದೇವರಿಗೆ ಕೈಮುಗಿದಿದ್ದೀನಿ, ಡಾಕ್ಟರಿಗೂ ಮುಗಿದಿದ್ದೀನಿ. ಹಾಗಂತ ಪಕ್ಕೆ ಉರಿ ನಿಲ್ಲುತ್ತಾ? 1933ರಲ್ಲಿ ಅಮೆರಿಕದ ಗ್ರಹಾಂ ಅನ್ನೋ ಸರ್ಜನ್ ಕ್ಯಾನ್ಸರ್‌ಗೆ ಒಂದು ಇಡೀ ಶ್ವಾಸಕೋಶವನ್ನೇ ತೆಗೆದು ರೋಗಿಯನ್ನು ಉಳಿಸಿದರು. ಆ ರೋಗಿಯೂ ಡಾಕ್ಟರೇ, ಹೆರಿಗೆ ಡಾಕ್ಟರ್. 30 ವರ್ಷ ಬದುಕಿದರು. ಸಿಗರೇಟು ಸೇದುತ್ತಿದ್ದ ಸರ್ಜನ್ ತಾನೇ ಶ್ವಾಸಕೋಶದ ಕ್ಯಾನ್ಸರಿನಿಂದ 1957ರಲ್ಲಿ ಹೋದರು, ರೋಗಿ ಇನ್ನೂ ಇದ್ದರು. ಮಲಗಿದ್ದಾಗ ಇದನ್ನೆಲ್ಲ ಓದಿದೆ. ಓದಿದ ಕಡೆಯೆಲ್ಲ 30 ವರ್ಷ, 30 ವರ್ಷ. ರಾತ್ರಿ ಹೆರಿಗೆಗೆ ಕರೆ ಬಂದರೆ ಆ ಮನುಷ್ಯ ಎಷ್ಟನೇ ಮೆಟ್ಟಿಲಲ್ಲಿ ನಿಲ್ಲುತ್ತಿದ್ದ ಅಂತ ಮಾತ್ರ ನನಗೆಲ್ಲೂ ಸಿಗಲಿಲ್ಲ.

ಸಿಗರೇಟಿನ ಮಾತು ಬಂತಲ್ಲ, ಒಂದು ತಪ್ಪೊಪ್ಪಿಗೆ. "ನೀವು ಸೇದ್ತಿರಲಿಲ್ಲ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಸೇದದವರಿಗೂ ಬರುತ್ತೆ, ನಮ್ಮ ಕಡೆಯ ಹೆಂಗಸರಲ್ಲಿ ಅಂಥವರೇ ಬೇಕಾದಷ್ಟು. ಮೊದಮೊದಲು ಅವರು ಕೇಳೋಕೆ ಮುಂಚೆಯೇ ನಾನು "ಒಂದು ದಿನವೂ ಮುಟ್ಟಿದವಳಲ್ಲ" ಅಂತ ಸಾಕ್ಷಿ ಹೇಳುತ್ತಿದ್ದೆ. ವಾರ್ಡಿನಲ್ಲಿ ಒಬ್ಬರು ನೋಡೋಕೆ ಬಂದಾಗಲೂ ಜೋರಾಗಿ ಅದನ್ನೇ ಹೇಳಿದೆ. ಪರದೆ ಆಚೆಯ ಮಂಚದಲ್ಲಿ ಬೀಡಿ ಸೇದುತ್ತಿದ್ದ ಒಬ್ಬ ಯಜಮಾನರಿದ್ದರು. ಆಮೇಲೆ ಅವರು ಮೆಲ್ಲಗೆ "ನಾನು ಸೇದ್ತಿದ್ದೆ ತಾಯಿ, ನಂಗೂ ಇಷ್ಟೇ ನೋಯುತ್ತೆ" ಅಂದರು. ಅವತ್ತಿನಿಂದ ಆ ಪ್ರಶ್ನೆಗೆ ಉತ್ತರ ಕೊಡೋದು ಬಿಟ್ಟಿದ್ದೀನಿ.

ಸರಿ, ಮದುವೆಗೆ ಬರ್ತೀನಿ. ಕೋಪಕ್ಕೆ ಲಿಫ್ಟ್ ಬಿಟ್ಟು ಮೆಟ್ಟಿಲೇ ಹತ್ತಿದೆ. ಕೋಪದಲ್ಲಿ ಉಸಿರು ಬೇಗ ಮುಗಿಯುತ್ತೆ, ಗೊತ್ತಿರಲಿ. ಮೊದಲನೇ ತಿರುವಿನಲ್ಲೇ ನಿಲ್ಲಬೇಕಾಯಿತು. ಜನ ನೋಡ್ತಾರಲ್ಲ ಅಂತ ನನ್ನ ಮಾಮೂಲಿ ಉಪಾಯ ಮಾಡಿದೆ, ಮೊಬೈಲ್ ತೆಗೆದು ಗಂಭೀರವಾಗಿ ನೋಡತೊಡಗಿದೆ. ಅಲ್ಲೇ ಗೋಡೆಗೆ ಒರಗಿ ಪಂಚೆ ಉಟ್ಟ ಹಿರಿಯರೊಬ್ಬರು ತಮ್ಮ ಮೊಬೈಲನ್ನು ಅಷ್ಟೇ ಗಂಭೀರವಾಗಿ ನೋಡುತ್ತಿದ್ದರು. ಸ್ಕ್ರೀನು ಕಪ್ಪಗಿತ್ತು.

"ನೀವು ಹೋಗಿಮ್ಮ ಮುಂದೆ, ನಂಗೊಂದು ಮೆಸೇಜ್ ಬಂದಿದೆ" ಅಂದರು.

"ನನಗೂ ಬಂದಿದೆ ಸರ್" ಅಂದೆ.

ಇಬ್ಬರೂ ಎರಡನೇ ಪಂಕ್ತಿಗೆ ಕೂತೆವು.