ಹಕ್ಕಲಿಗೆ ಬಿಟ್ಟ ತೆನೆ

"ಆಕಾಶದ ಬಾಗಿಲು ತೆರೆದು, ಹಿಡಿಸಲಾರದಷ್ಟು ಆಶೀರ್ವಾದ ಸುರಿಸುವೆನು." ಬೈಬಲಿನ ಪ್ರವಾದಿ ಮಲಾಕಿಯನ 3ನೇ ಅಧ್ಯಾಯದಲ್ಲಿ ದಶಮಾಂಶ, ಅಂದರೆ ಗಳಿಕೆಯ ಹತ್ತರಲ್ಲೊಂದು ಪಾಲು, ತರುವವರಿಗೆ ಹೇಳಿದ ಈ ಮಾತು ಹಿಡಿದು ಕಾರು, ಸೈಟು, ಪ್ರಮೋಷನ್ನಿನ ಭರವಸೆ ಕೊಡುವ ಬೋಧನೆ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಮುಂದಿನ ವಚನ ಓದಿ. ಫಸಲು ತಿನ್ನುವ ಪಿಡುಗು ತಪ್ಪುತ್ತದೆ, ದ್ರಾಕ್ಷಿ ಹಣ್ಣಾಗುವ ಮೊದಲೇ ಉದುರುವುದಿಲ್ಲ ಎಂದಿದೆ. ಅದು ಮಳೆ ಕಾಯುವ ರೈತನಿಗೆ ಆಡಿದ ಮಾತು.

ಈಜಿಪ್ಟಿಗೆ ನೈಲ್ ನದಿಯಿತ್ತು. ಇಸ್ರೇಲಿನ ಗುಡ್ಡಗಾಡಿಗೆ ಅಂಥ ಆಸರೆ ಇರಲಿಲ್ಲ. ಈಜಿಪ್ಟಿನಲ್ಲಿ ಕಾಯಿಪಲ್ಯದ ತೋಟಕ್ಕೆ ಹಾಯಿಸಿದ ಹಾಗೆ ನೀರು ಹಾಯಿಸುತ್ತಿದ್ದಿರಿ, ಈ ನೆಲ ಆಕಾಶದ ಮಳೆಯನ್ನೇ ಕುಡಿಯುತ್ತದೆ ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ. ಅಕ್ಟೋಬರ್-ನವೆಂಬರಿನ ಮೊದಲ ಮಳೆ ಬಿದ್ದರೆ ಬಿತ್ತನೆ, ಮಾರ್ಚ್-ಏಪ್ರಿಲಿನ ಕೊನೆ ಮಳೆ ಬಿದ್ದರೆ ಕಾಳು ಗಟ್ಟಿ. ಮಳೆ ಕೈಕೊಟ್ಟರೆ ಬರ. ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಎಣ್ಣೆಮರ (ಆಲಿವ್), ಜೇನು ಎಂದು ಅದೇ ಪುಸ್ತಕ ಸಾಲಾಗಿ ಹೆಸರಿಡುವಾಗ ಹಸಿವು ಕಂಡವರ ಆಸೆ ನನಗೆ ಕೇಳಿಸುತ್ತದೆ.

ಬೈಬಲಿನ ಇನ್ನೊಂದು ಪುಸ್ತಕ ಯಾಜಕಕಾಂಡದ 26ನೇ ಅಧ್ಯಾಯದ ಚಿತ್ರವಂತೂ ನನಗೆ ಅಚ್ಚುಮೆಚ್ಚು. ಒಕ್ಕಣೆ ದ್ರಾಕ್ಷಿ ಕೊಯ್ಲಿನವರೆಗೆ, ದ್ರಾಕ್ಷಿ ಕೊಯ್ಲು ಬಿತ್ತನೆಯವರೆಗೆ. ಕಣದಲ್ಲಿ ರಾಶಿ ಮುಗಿದಿಲ್ಲ, ಆಗಲೇ ದ್ರಾಕ್ಷಿ ಕರೆಯುತ್ತಿದೆ! ಪ್ರವಾದಿ ಆಮೋಸನ ಪುಸ್ತಕದಲ್ಲಿ ಉಳುವವನು ಕೊಯ್ಯುವವನ ಬೆನ್ನಿಗೇ ಬಂದು ನಿಲ್ಲುತ್ತಾನೆ, ಬೆಟ್ಟಗಳು ದ್ರಾಕ್ಷಾರಸ ತೊಟ್ಟಿಕ್ಕುತ್ತವೆ. ಈ ಸಮೃದ್ಧಿಯಲ್ಲಿ ಕೈತುಂಬ ಕೆಲಸವಿದೆ. ದಂತದ ಮಂಚದಲ್ಲಿ ಒರಗಿದವರನ್ನು, ಒಂದು ಜೋಡಿ ಕೆರಕ್ಕೆ ಬಡವನನ್ನು ಮಾರಿದವರನ್ನು ಬೈದವನೂ ಇದೇ ಆಮೋಸ.

ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆ ಆಯಬೇಡ, ಬಡವನಿಗೂ ಪರದೇಶಿಗೂ ಬಿಡು ಎಂಬ ಕಟ್ಟಳೆಯಿತ್ತು. ಬೆತ್ಲೆಹೇಮಿನಲ್ಲಿ ಜವೆಗೋಧಿ ಕೊಯ್ಲಿನ ಹೊತ್ತಿಗೆ ಹಕ್ಕಲಾಯಲು, ಅಂದರೆ ಕೊಯ್ಯುವವರು ಬಿಟ್ಟ ತೆನೆ ಆಯಲು, ಬಂದ ರೂತಳು ಪರದೇಶವಾದ ಮೋವಾಬಿನವಳು, ವಿಧವೆ. ಹೊಲದೊಡೆಯ ಬೋವಜ ತನ್ನ ಆಳುಗಳಿಗೆ, ಸಿವುಡಿನಿಂದಲೇ ತೆನೆ ಎಳೆದು ಅವಳಿಗಾಗಿ ಬೀಳಿಸಿ, ಗದರಿಸಬೇಡಿ ಅನ್ನುತ್ತಾನೆ. ಸಂಜೆ ಅವಳು ತೆನೆ ಬಡಿದಾಗ, ಆ ಕಾಲದ ಅಳತೆಯಲ್ಲಿ ಸುಮಾರು ಒಂದು ಏಫಾ ಕಾಳು. ಮನೆಯಲ್ಲಿ ಅತ್ತೆ ನೊವೊಮಿಗೂ ಊಟವಾಯಿತು. ಆಶೀರ್ವಾದ ಅಂದರೆ ನನಗೆ ಮೊದಲು ನೆನಪಾಗುವುದು ಈ ಕಾಳು.

ದಶಮಾಂಶ ಕೇಳುವ ಬೋಧಕರಲ್ಲಿ ನನ್ನದೊಂದು ಕೋರಿಕೆ. ಮಲಾಕಿಯನನ್ನು ಓದುವ ಭಾನುವಾರವೇ ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಕೊನೆಯನ್ನೂ ಓದಿ. ಮೂರು ವರ್ಷಕ್ಕೊಮ್ಮೆ ದಶಮಾಂಶ ಊರಲ್ಲೇ ಉಳಿಯಬೇಕು. ದೇವರ ಸೇವೆಗೆ ಮೀಸಲಾದ ಲೇವಿ ಕುಲದವರ ಜೊತೆ ಪರದೇಶಿ, ತಬ್ಬಲಿ, ವಿಧವೆಯರು ಅದನ್ನು ಹೊಟ್ಟೆತುಂಬ ಉಣ್ಣಬೇಕು, ಆಗ ದೇವರು ನಿಮ್ಮ ಕೈಕೆಲಸ ಆಶೀರ್ವದಿಸುತ್ತಾನೆ ಎಂದಿದೆ. ಓದಿದ ಮೇಲೆ ಸಭೆಯ ಲೆಕ್ಕಪುಸ್ತಕವನ್ನೂ ಎಲ್ಲರ ಮುಂದೆ ತೆರೆಯಿರಿ.