ಅಗಿಯಬೇಡಿ, ಇಟ್ಟುಕೊಳ್ಳಿ

ಸಿಗರೇಟು ಶುರು ಮಾಡಿದಾಗ ನನಗೆ ಯಾರೂ ಏನನ್ನೂ ಓದಲು ಕೊಟ್ಟಿರಲಿಲ್ಲ. ಗೆಳೆಯ ಕಡ್ಡಿ ಗೀರಿದ, ನಾನು ಕೆಮ್ಮಿದೆ, ತರಬೇತಿ ಮುಗಿಯಿತು. ಈಗ ಬಿಡಲು ಹೊರಟರೆ ಮೊದಲು ಓದು, ಆಮೇಲೆ ಲೆಕ್ಕ, ಅದರ ಮೇಲೊಂದು ಪರೀಕ್ಷೆ. ನಿಕೋಟಿನ್ ಗಮ್ಮಿನ ಪೊಟ್ಟಣದೊಳಗಿದ್ದ ಕಾಗದವನ್ನು ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಬಿಡಿಸಿದೆ. ಬಿಡಿಸುತ್ತಲೇ ಹೋದೆ. ಅಕ್ಷರಗಳು ಎಷ್ಟು ಚಿಕ್ಕವೆಂದರೆ, ಬರೆದವರಿಗೆ ಅದನ್ನು ಯಾರಾದರೂ ಓದಲಿ ಎಂಬ ಇಚ್ಛೆಯೇ ಇದ್ದಂತಿರಲಿಲ್ಲ. ಓದಿ ಮುಗಿಸಿ ಮಡಚಲು ಹೋದರೆ ಅದು ಹಳೆಯ ಮಡಿಕೆಗೆ ಮರಳಲು ಸುತಾರಾಂ ಒಪ್ಪಲಿಲ್ಲ. ಆ ಜಗ್ಗಾಟದ ನಡುವೆ ನನಗೊಂದು ಸಿಗರೇಟು ಬೇಕೇಬೇಕು ಅನಿಸಿದ್ದಕ್ಕೆ ಕಾಗದ ಮಡಚಿದವರೇ ಹೊಣೆ.

ಬಿಡುವ ಮುನ್ನ ಚಟದ ಆಳ ಅಳೆದುಕೊಳ್ಳಬೇಕಂತೆ. ಅದಕ್ಕೆ ಸ್ವೀಡನ್ನಿನ ಫಾಗರ್‌ಸ್ಟ್ರೋಮ್ ಎಂಬ ತಜ್ಞರ ಹೆಸರಿನ ಪರೀಕ್ಷೆಯಿದೆ: ಆರು ಪ್ರಶ್ನೆ, ಹತ್ತು ಅಂಕ. ನಾನು ಕನ್ನಡಕ ಹುಡುಕಿ ಬರುವಷ್ಟರಲ್ಲಿ ಹೆಂಡತಿ ನನ್ನ ಪರವಾಗಿ ಉತ್ತರಿಸಲು ಕುಳಿತಿದ್ದಳು. ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು? ಐದು ನಿಮಿಷದೊಳಗಾದರೆ ಮೂರು ಅಂಕ. ಅವಳು ಯೋಚಿಸಲೇ ಇಲ್ಲ, ಮೂರು ಹಾಕಿದಳು. ಕಾಯಿಲೆಯಾಗಿ ಹಾಸಿಗೆ ಹಿಡಿದಾಗಲೂ ಸೇದುತ್ತೀರಾ? ಇದಕ್ಕೆ ಹೌದು ಅಥವಾ ಇಲ್ಲ ಎಂದರೆ ಸಾಕಾಗಿತ್ತು. ಅವಳು ಪ್ರಸಂಗಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಬರೆಯುತ್ತ ಹಾಳೆಯ ಹಿಂಬದಿಗೆ ಹೋದಳು.

ಎರಡು ವಾರದೊಳಗೆ ಒಂದು ದಿನ ಗೊತ್ತು ಮಾಡಿ, ಲೈಟರು, ಆಷ್‌ಟ್ರೇಗಳನ್ನು ಮನೆಯಿಂದ ಸಾಗಹಾಕಿ, ಮನೆಯವರಿಗೂ ಗೆಳೆಯರಿಗೂ ಸಹೋದ್ಯೋಗಿಗಳಿಗೂ ತಿಳಿಸಿ ಎನ್ನುತ್ತಾರೆ ಬಲ್ಲವರು. ಈ ಕೊನೆಯ ಸಲಹೆ ಕೊಟ್ಟ ಪುಣ್ಯಾತ್ಮರಿಗೆ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವವರ ಪರಿಚಯವಿಲ್ಲ.

ಅವರು ಒಂದು ಕಾಲದಲ್ಲಿ ಸೇದುತ್ತಿದ್ದವರು, ಒಂದೇ ಏಟಿಗೆ ಬಿಟ್ಟವರು. ಬಿಟ್ಟ ಕಥೆಯನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ನಾನು ಮೊದಲ ಸಲ ಕೇಳಿದಾಗ ಅವರ ಕೊನೆಯ ಪ್ಯಾಕಿನಲ್ಲಿ ಎರಡು ಸಿಗರೇಟು ಉಳಿದಿದ್ದವು. ಅದನ್ನು ಕಸದ ಬುಟ್ಟಿಗೆ ಹಾಕಿದ್ದರು. ಮುಂದೆ ಅದು ಅರ್ಧ ಪ್ಯಾಕಾಯಿತು, ಬುಟ್ಟಿಯ ಬದಲು ಓಡುವ ಬಸ್ಸಿನ ಕಿಟಕಿ ಬಂತು. ಕಳೆದ ವಾರದ ಹೊತ್ತಿಗೆ ಅದು ಒಡೆಯದ ಹೊಸ ಪ್ಯಾಕು, ಸೇತುವೆಯ ಮೇಲಿಂದ, ಸುರಿಯುವ ಮಳೆಯಲ್ಲಿ. ಅವರ ನಿವೃತ್ತಿಯ ಹೊತ್ತಿಗೆ ಒಂದು ಕಾರ್ಖಾನೆಯನ್ನೇ ನದಿಗೆ ಎಸೆದಿರುತ್ತಾರೆ. ಕಥೆಯ ಕೊನೆಗೆ ಎದೆ ಮುಟ್ಟಿಕೊಂಡು, "ಗಮ್ಮು, ಪ್ಯಾಚು ಎಲ್ಲ ಯಾತಕ್ಕೆ? ಮನಸ್ಸು ಗಟ್ಟಿಯಿರಬೇಕು" ಎನ್ನುತ್ತಾರೆ. ಬರೀ ಮನಸ್ಸನ್ನು ನಂಬಿ ಹೊರಟವರಲ್ಲಿ ಹೆಚ್ಚಿನವರು ಮರಳಿ ಬರುತ್ತಾರೆ, ಇಂಥ ಸಾಧನಗಳಿಂದ ಬಿಡುವ ಸಾಧ್ಯತೆ ಅರ್ಧದಷ್ಟಾದರೂ ಹೆಚ್ಚುತ್ತದೆ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚಿನ ಜೊತೆಗೆ ಗಮ್ಮೋ ಚೀಪುವ ಮಾತ್ರೆಯೋ ಸೇರಿದರೆ ಇನ್ನೂ ಒಳ್ಳೆಯದು ಎಂದು ನಾನು ಓದಿದ್ದನ್ನೆಲ್ಲ ಒಪ್ಪಿಸಿದೆ. "ಹಾಗಾದರೆ ನಾನು ಯಾವ ಗಮ್ಮು ಅಗಿದೆ?" ಎಂದು ಅವರು ಸೇತುವೆಯನ್ನು ಮತ್ತೆ ಹತ್ತಿದರು. ಇಷ್ಟಾಗಿ, ನಾವು ಹೊರಗೆ ನಿಂತು ಸೇದುವಾಗ ಈ ಮನುಷ್ಯ ತಪ್ಪದೆ ಬಂದು ಹೊಗೆ ಬೀಸುವ ದಿಕ್ಕಿಗೇ ನಿಲ್ಲುತ್ತಾರೆ. "ಥೂ, ಏನು ವಾಸನೆ!" ಎಂದು ಮೂಗು ಅರಳಿಸುತ್ತಾರೆ. ಸರಿದು ನಿಂತಿದ್ದನ್ನು ನಾನು ಕಂಡಿಲ್ಲ.

ಇಂಥವರ ಎದುರಿಗೇ ನಾನು ಗಮ್ಮಿನ ರುಚಿ ನೋಡಬೇಕಾಯಿತು. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ, ತಡೆದುಕೊಳ್ಳಬಲ್ಲವರಿಗೆ 2. ಇದನ್ನು ಅಗಿಯುವ ಹಾಗಿಲ್ಲ. ಅಂದರೆ ಅಗಿಯಬೇಕು, ಆದರೆ ನಿಧಾನವಾಗಿ. ಬಾಯಿ ಚುರುಗುಟ್ಟತೊಡಗಿದ ಕೂಡಲೇ ನಿಲ್ಲಿಸಿ, ಕೆನ್ನೆಗೂ ಒಸಡಿಗೂ ನಡುವೆ ಇಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತರೆ ಮತ್ತೆ ಅಗಿದು, ಇನ್ನೊಂದು ಕಡೆ ಇಡಬೇಕು. ಹೀಗೆ ಸುಮಾರು ಅರ್ಧ ಗಂಟೆ. ಏಕೆಂದರೆ ನಿಕೋಟಿನ್ ರಕ್ತಕ್ಕೆ ಸೇರಬೇಕಾದದ್ದು ಬಾಯಿಯ ಒಳಪದರದಿಂದ. ಎಂಜಲಿನೊಂದಿಗೆ ನುಂಗಿದರೆ ಲಾಭ ಕಡಿಮೆ, ಬಿಕ್ಕಳಿಕೆ, ಎದೆಯುರಿ ಜಾಸ್ತಿ. ಕಾಫಿ, ಹಣ್ಣಿನ ರಸದಂಥ ಹುಳಿಯಂಶದ ಪಾನೀಯಗಳನ್ನು ಕಾಲು ಗಂಟೆ ಮುಂಚಿನಿಂದಲೇ ದೂರವಿಡಬೇಕು. ಸಿಗರೇಟು ಕಾಫಿಯೊಂದಿಗೆ ಎಂದೂ ಹೀಗೆ ಮುನಿಸಿಕೊಂಡಿರಲಿಲ್ಲ.

ಪಕ್ಕದವರು ನನ್ನಿಂದ ಆ ಕಾಗದವನ್ನು ಕಸಿದುಕೊಂಡು ಓದಿದರು. ಗಮ್ಮಿನಲ್ಲಿ ನಂಬಿಕೆಯಿಲ್ಲದಿದ್ದರೂ ಮೇಲ್ವಿಚಾರಣೆಯಲ್ಲಿ ಅವರಿಗೆ ಅಪಾರ ನಂಬಿಕೆ. "ಅಗಿಯಿರಿ. ಚುರುಗುಟ್ಟಿತೇ? ನಿಲ್ಲಿಸಿ. ಈಗ ಬಲಕ್ಕೆ." ಅಷ್ಟರಲ್ಲಿ ಸಭೆಗೆ ಕರೆ ಬಂತು. ಮೇಲಧಿಕಾರಿ ಎಂದಿನಂತೆ ತಡವಾದ ಕೆಲಸವೊಂದರ ಬಗ್ಗೆ ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮುನ್ನ, ಎದುರಿಗೆ ಕುಳಿತಿದ್ದ ನನ್ನ ಗಮ್ಮಿನ ಮೇಲ್ವಿಚಾರಕರು ತಮ್ಮ ಎಡಗೆನ್ನೆಯನ್ನು ಬೆರಳಿಂದ ಕುಟ್ಟಿ ತೋರಿಸತೊಡಗಿದರು: ಹೊತ್ತಾಯಿತು, ಈಗ ಆ ಕಡೆಗೆ.

"ನಿಮಗೆ ಹಲ್ಲುನೋವೇ?" ಎಂದು ಮೇಲಧಿಕಾರಿ ಅವರನ್ನು ಕೇಳಿದರು.

"ನನಗಲ್ಲ ಸಾರ್, ಇವರಿಗೆ."

ಇಡೀ ಸಭೆ ನನ್ನ ಕೆನ್ನೆಯನ್ನು ನೋಡಿತು. ಗಾಬರಿಗೆ ಎಂಜಲು ನುಂಗಿದೆ. ಕಾಗದ ಸುಳ್ಳು ಹೇಳಿರಲಿಲ್ಲ, ಬಿಕ್ಕಳಿಕೆ ಬಂತು. "ಬಾಯಲ್ಲಿ ಏನು ತಿನ್ನುತ್ತಿದ್ದೀರಿ?" ಎಂದರು ಮೇಲಧಿಕಾರಿ. "ತಿನ್ನುತ್ತಿಲ್ಲ ಸಾರ್, ಹಿಕ್, ಇಟ್ಟುಕೊಂಡಿದ್ದೇನೆ" ಎಂದೆ. ಇದಕ್ಕಿಂತ ನಿಖರವಾದ ಉತ್ತರ ಆ ಸಭೆಯಲ್ಲಿ ಬೇರೆ ಯಾರೂ ಕೊಡಲಿಲ್ಲ. ಆದರೂ ನಕ್ಕರು.

ಈ ಗಮ್ಮಿನ ಮೂಲ ಜಲಾಂತರ್ಗಾಮಿಯಲ್ಲಿದೆ. ಸ್ವೀಡನ್ನಿನ ನಾವಿಕರು ಸೇದಲಾಗದ ಕಡೆ ತಂಬಾಕನ್ನು ಬಾಯಲ್ಲಿಟ್ಟುಕೊಂಡು ಕಾಲ ಕಳೆಯುವುದನ್ನು ಗಮನಿಸಿದ ವಿಜ್ಞಾನಿಯೊಬ್ಬರು 1967ರಲ್ಲಿ ಓವೆ ಫರ್ನೋ ಎಂಬ ಔಷಧ ತಜ್ಞರಿಗೆ ಬರೆದು ತಿಳಿಸಿದರು. ಗಮ್ಮು ಔಷಧವಾಗಿ ಮೊದಲು ಒಪ್ಪಿಗೆ ಪಡೆದದ್ದು 1978ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಹತ್ತು ವರ್ಷಕ್ಕೂ ಮೇಲೆ ನಡೆದ ಆ ತಯಾರಿಯನ್ನು ಜಗತ್ತು ಸಂಶೋಧನೆ ಎನ್ನುತ್ತದೆ. ನಾನು ಕೆಲವು ವಾರ ತಯಾರಿ ನಡೆಸಿದರೆ ಮನೆಯಲ್ಲಿ ಅದಕ್ಕೆ ಬೇರೆಯೇ ಹೆಸರು.

ಪ್ಯಾಚಿನ ಸ್ವಭಾವ ಸೌಮ್ಯ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರು 21 ಮಿಲಿಗ್ರಾಮಿನಿಂದ ಶುರು ಮಾಡಿ 14, ಆಮೇಲೆ 7 ಎಂದು ಇಳಿಯುವುದು. ರೋಮವಿಲ್ಲದ, ಒಣಗಿದ ಚರ್ಮದ ಮೇಲೆ, ದಿನಕ್ಕೊಂದು ಹೊಸ ಜಾಗದಲ್ಲಿ ಅಂಟಿಸಬೇಕು. ನನ್ನ ಮೈಯಲ್ಲಿ ರೋಮವಿಲ್ಲದ ವಿಶಾಲ ಪ್ರದೇಶವೆಂದರೆ ನೆತ್ತಿ. ಅವರು ಹೇಳುವುದು ತೋಳು, ಎದೆ, ಬೆನ್ನು. ರಾತ್ರಿಯೂ ಇಟ್ಟುಕೊಂಡರೆ ಕೆಲವರಿಗೆ ಕಣ್ಣಿಗೆ ಕಟ್ಟುವಂಥ ಕನಸು ಬೀಳುತ್ತದಂತೆ. ಕಾಟವೆನಿಸಿದರೆ ಮಲಗುವಾಗ ತೆಗೆದಿಡಬಹುದು. ನನ್ನ ಕನಸಿನಲ್ಲಿ ಸೇತುವೆ ಬರದಿದ್ದರೆ ಸಾಕು.

ಇವೆಲ್ಲ ರಕ್ತಕ್ಕೆ ಬೇಕಾದದ್ದನ್ನು ಕೊಡುತ್ತವೆ, ಟಾರ್ ಇಲ್ಲದೆ, ಹೊಗೆಯಿಲ್ಲದೆ. ಒಪ್ಪಿದೆ. ಆದರೆ ಕಚೇರಿಯ ಹಿಂಬದಿಯ ಮೆಟ್ಟಿಲ ಬಳಿ ಹೆಸರು ಗೊತ್ತಿಲ್ಲದ ಕೆಲವರೊಂದಿಗೆ ಇಷ್ಟು ವರ್ಷ ನಿಂತಿದ್ದೇನಲ್ಲ, ಅದನ್ನು ಯಾವ ಜಾಗಕ್ಕೆ ಅಂಟಿಸಿಕೊಳ್ಳುವುದು? ಒಬ್ಬನ ಮಗಳ ಪರೀಕ್ಷೆ, ಇನ್ನೊಬ್ಬನ ತಂದೆಯ ಆಪರೇಷನ್ನು, ಎಲ್ಲ ಕಂತು ಕಂತಾಗಿ ಗೊತ್ತಾಗುತ್ತಿತ್ತು. ಸಿಗರೇಟು ಮುಗಿದಲ್ಲಿ ಮಾತೂ ಮುಗಿಯುತ್ತಿತ್ತು, ಯಾರಿಗೂ ಬೇಸರವಿರಲಿಲ್ಲ. ಮೊನ್ನೆ ಅಭ್ಯಾಸಕ್ಕೆಂದು ಅಲ್ಲಿ ಬರಿಗೈಯಲ್ಲಿ ನಿಂತು ನೋಡಿದೆ. ಪರಿಚಿತನೊಬ್ಬ ತನ್ನ ಪ್ಯಾಕು ತೆರೆದು ಮುಂದೆ ಚಾಚಿದ. ಬೇಡವೆಂದೆ. ಅವನು ನನ್ನ ಆರೋಗ್ಯ ವಿಚಾರಿಸಿದ, ಆ ಮೇಲೆ ಇಬ್ಬರಿಗೂ ಮಾತು ತೋಚಲಿಲ್ಲ.

ಅಂತೂ 21ರ ಪ್ಯಾಚು, ಜೊತೆಗೆ ಗಮ್ಮಿನ ಬದಲು ಚೀಪುವ ಮಾತ್ರೆ ಎಂದು ತೀರ್ಮಾನವಾಗಿದೆ. ಅದನ್ನು ಅಗಿಯಲೇಬಾರದು, ಬಾಯಲ್ಲಿ ತಾನಾಗಿ ಕರಗಬೇಕು. ಹಾಗಾಗಿ ಮೇಲ್ವಿಚಾರಣೆಗೆ ಅವಕಾಶ ಕಡಿಮೆ. ಮುಂದಿನ ಸೋಮವಾರವೆಂದು ದಿನವೂ ಗೊತ್ತಾಗಿದೆ. ಸುದ್ದಿ ತಿಳಿದ ಪಕ್ಕದ ಮೇಜಿನವರು ಇಂದು ಮಧ್ಯಾಹ್ನ ಕುರ್ಚಿ ಎಳೆದುಕೊಂಡು ಬಂದು, ಕೊನೆಯ ಪ್ಯಾಕನ್ನು ಎಲ್ಲಿ ಎಸೆಯುತ್ತೀರಿ, ನಾನೂ ಬರುತ್ತೇನೆ ಎಂದರು. ಭಾನುವಾರ ರಾತ್ರಿಯ ಹೊತ್ತಿಗೆ ಅದರಲ್ಲಿ ಎಸೆಯುವಂಥದ್ದು ಏನೂ ಉಳಿದಿರುವುದಿಲ್ಲ ಎಂದೆ. ಅವರಿಗೆ ತುಂಬಾ ನಿರಾಶೆಯಾಯಿತು.